ಬೋಲ್ಟಿಲ್ಲದ ರೈಫಲ್ಲಿನ ಸೋಮವಾರಗಳು

ಅರಸುವ ಬೋಲ್ಟು ಕಾಲಿಗೆ ತೊಡರಿತು ಎಂದು ಯಾವ ಗಾದೆಯೂ ಹೇಳುವುದಿಲ್ಲ. ಆ ಸೌಜನ್ಯ ಬಳ್ಳಿಗಷ್ಟೇ. ಬೋಲ್ಟು ಅರಸುವವರ ಕಾಲಿಗೆ ತೊಡರುವುದು ಗುಜರಿ ಅಂಗಡಿಯ ತುಕ್ಕು ತಗಡು. ನಂಬದಿದ್ದರೆ ವಾರಾಣಸಿಯ ಗುರುಶಾಂತಯ್ಯನವರನ್ನು ಕೇಳಿ. ನಡೆದದ್ದು ನಡೆದ ಹಾಗೆ ಇಲ್ಲಿದೆ. ಸುಳ್ಳಿದ್ದರೆ ಮುಳುಗಿಸಲು ಗಂಗೆ ಪಕ್ಕದಲ್ಲೇ ಇದ್ದಾಳೆ.

ಬೆಳಿಗ್ಗೆ ಆರು. ಕಂಟೋನ್ಮೆಂಟಿನ ಆಟೊಗಳು ಇನ್ನೂ ಆಕಳಿಸುತ್ತಿವೆ. ತಮ್ಮ ಬಂದೂಕು ರಿಪೇರಿ ಅಂಗಡಿಯ ಪೂರ್ವದ ಬಾಗಿಲಲ್ಲಿ ಅರವತ್ತಮೂರರ ಗುರುಶಾಂತಯ್ಯ ಒಂದು ಕಣ್ಣು ಮುಚ್ಚಿ, ಖಾಲಿ ನಳಿಗೆಯನ್ನು ಸೂರ್ಯನತ್ತ ಹಿಡಿದು ಇಣುಕುತ್ತಾರೆ. "ಎಳಿ ಬಿಸಿಲು ಸುಳ್ಳು ಹೇಳಂಗಿಲ್ರೀ. ತುಕ್ಕು ಎಲ್ಲಿ ಅಡಗಿ ಕುಂತದ, ತೋರಸ್ತದ" ಎನ್ನುತ್ತಾರೆ.

ತಂದೆ ಗುಲ್ಬರ್ಗದ ಕಡೆಯಿಂದ ಇಲ್ಲಿನ ಮಠದ ಅಡುಗೆಗೆ ಬಂದವರು. ಕೈಗೆ ಸೌಟು ಕೊಟ್ಟರೆ ಮಗ ಹಿಡಿಯ ಮೊಳೆ ಬಿಚ್ಚಿ ನೋಡಿದನಂತೆ! ಹದಿನಾಲ್ಕಕ್ಕೇ ಒಬ್ಬ ಉಸ್ತಾದರ ಬಳಿ ಅರ ಹಿಡಿದರು. ತಿಂಗಳಿಗೆ ಹತ್ತೋ ಹನ್ನೆರಡೋ ಬಂದೂಕು. ಎಡ ಹೆಬ್ಬೆರಳಿಗೆ ಬಿಸಿ ತಣ್ಣಗೆ ತಿಳಿಯುವುದಿಲ್ಲ, ಮೊಣಕಾಲು ಮೆಟ್ಟಿಲನ್ನು ಒಪ್ಪುವುದಿಲ್ಲ. ಆದರೆ ಸ್ವಂತ ಅಂಗಡಿ ಇಟ್ಟ ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ಬಂದೂಕನ್ನೂ 'ಆಗೋದಿಲ್ಲ' ಎಂದು ಮರಳಿಸಿಲ್ಲ. ಯಾರಿಗೂ ಗೊತ್ತಿಲ್ಲದ ಈ ದಾಖಲೆಯೇ ಅವರ ಬಿರುದು.

೨೦೦೫ರ ಶ್ರಾವಣದಲ್ಲಿ ಅದಕ್ಕೆ ಸಂಚಕಾರ ಬಂತು. ಸುರಪುರದ ರಘುನಾಥ ನಾಯಕರು, ಎಂಬತ್ತು ದಾಟಿದವರು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮಗನ ಮನೆಗೆ ಬಂದು ನೆಲೆಸಿದ್ದರು. ತಮ್ಮ ಹಳೆಯ ಬೇಟೆ ರೈಫಲ್ಲನ್ನು ಎಣ್ಣೆ ಹಾಕಿಸಲು ತಂದರು. ನೋಡಿದರೆ ಬೋಲ್ಟೇ ಇಲ್ಲ. ಹಿಂದೆ ಮುಂದೆ ಸರಿದು ನಳಿಗೆಯ ಬಾಯಿ ಮುಚ್ಚುವ ಆ ಉಕ್ಕಿನ ತುಂಡಿಲ್ಲದಿದ್ದರೆ ರೈಫಲ್ಲು ಬರೀ ಊರುಗೋಲು. ಒಂದು ರೈಫಲ್ಲಿನ ಬೋಲ್ಟು ಇನ್ನೊಂದಕ್ಕೆ ಸುಮ್ಮನೆ ಕೂರುವುದೂ ಇಲ್ಲ.

"ಬೋಲ್ಟ್ ಎಲ್ಲದರೀ ನಾಯಕ್ರ?"

ಬನಾರಸದಲ್ಲಿ ಗುಲ್ಬರ್ಗದ ಕನ್ನಡ ಕೇಳಿ ಮುದುಕರ ಮುಖ ಅರಳಿತು. "ಎಲ್ಲೋ ಹೋಗ್ಯಾದ ಸ್ವಾಮ್ಯಾರ. ಹುಡುಕಿ ಕೊಡ್ತೀರೇನು?"

ಅಲ್ಲಿಂದ ಹತ್ತು ತಿಂಗಳು. ಕಾನ್ಪುರ, ಮೇರಠ್‌ಗೆ ಇಪ್ಪತ್ತಮೂರು ಪತ್ರ. ಪರೀಕ್ಷಿಸಿದ ಬೋಲ್ಟು ಹದಿನೇಳು, ಒಂದೂ ಕೂರಲಿಲ್ಲ. ಇನ್ನೇನು ಕೈಚೆಲ್ಲಬೇಕು ಎನ್ನುವಾಗ ಒಮ್ಮೆ ಫೋನಿನಲ್ಲಿ ಮೂಗು ಕಟ್ಟಿದ ದನಿ: "ಮಿಸ್ತ್ರೀಜೀ, ಚುನಾರ್ ಸೇ ಮುನ್ಷೀ ಬೋಲ್ ರಹೇ ಹೈಂ." ತಾನು ಚುನಾರ್ ಊರಿನ ಗುಮಾಸ್ತ, ತಮ್ಮ ಧಣಿಯ ಹವೇಲಿಯಲ್ಲಿ ಅಂಥದೇ ಬೋಲ್ಟಿದೆ ಎಂದಿತು. ಬಸ್ಸು ಹತ್ತಿ ಹೋದರೆ ಹವೇಲಿಯೂ ಇಲ್ಲ, ಮುನ್ಷಿಯೂ ಇಲ್ಲ. ಎರಡು ಎಮ್ಮೆ ಮಾತ್ರ ವಿಚಾರಿಸಿಕೊಂಡವು.

ನಾಯಕರು ಸೋಮವಾರ ತಪ್ಪದೆ ಬರುತ್ತಾರೆ. "ಸಿಕ್ತೇನ್ರೀ?" ಒಂದೇ ಪ್ರಶ್ನೆ, ಆಮೇಲೆ ಎರಡು ಮಣ್ಣಿನ ಕುಲ್ಹಡ್ ಚಹಾ, ಮೂರು ತಾಸು ಮಾತು. ಅವರ ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮೊಮ್ಮಕ್ಕಳು ಹಿಂದಿಯಲ್ಲಿ ಉತ್ತರಿಸುತ್ತವೆ.

ಈ ಸೋಮವಾರ ಗುರುಶಾಂತಯ್ಯ ಜೇಬಿನಿಂದ ರೈಲು ಟಿಕೆಟ್ ತೆಗೆಯುತ್ತಾರೆ. "ಕಲ್ಕತ್ತಾಕ್ಕ ಹೊಂಟೀನ್ರೀ. ಅಲ್ಲಿ ಹಳೇ ಅಂಗಡಿ ಅವ. ನಮ್ಮ ಮನಿಯಾಕಿ ಸಂಗಮ್ಮ 'ಈ ಮೊಣಕಾಲು ತಗೊಂಡು ಹ್ಯಾಂಗ ಹೋಗ್ತಿ' ಅಂತ ಬೈಕೋತನೇ ರೊಟ್ಟಿ ಕಟ್ಯಾಳ."

ನಾಯಕರ ಕುಲ್ಹಡ್ ತುಟಿಯ ಬಳಿಯೇ ನಿಲ್ಲುತ್ತದೆ. ಕೊನೆಗೆ ಮೂಗು ಹಿಡಿದುಕೊಂಡು ಉಸುರುತ್ತಾರೆ: "ಮಿಸ್ತ್ರೀಜೀ, ಟಿಕಟ್ ವಾಪಸ್ ಕರ್ ದೀಜಿಯೇ."

ಅದೇ ದನಿ, ಚುನಾರಿನ ಮುನ್ಷಿ! ಗುರುಶಾಂತಯ್ಯನವರ ಕೈಯ ಟಿಕೆಟ್ ನೆಲಕ್ಕೆ ಬೀಳುತ್ತದೆ.

"ಬೋಲ್ಟ್ ಗಂಗಾದಾಗದ ಸ್ವಾಮ್ಯಾರ" ಎನ್ನುತ್ತಾರೆ ನಾಯಕರು, ತಲೆ ತಗ್ಗಿಸಿ. "ಎಪ್ಪತ್ತೊಂದನೇ ಇಸವಿದಾಗ ಕಾಶಿಗಿ ಬಂದಿದ್ವಿ. ಇಲ್ಲಿ ಬಂದವ್ರು ಇಷ್ಟದ್ದೊಂದು ಬಿಟ್ಟು ಹೋಗಬೇಕಲ್ಲ? ನನ್ನಾಕಿ ಬದನಿಕಾಯಿ ಬಿಟ್ಟಳು. ನಾ ಬ್ಯಾಟಿ ಬಿಟ್ಟೆ. ಕೇದಾರ ಘಾಟಿನಾಗ ನಾನೇ ಒಗದೆ."

"ಮತ್ತ ಹುಡುಕಾಕ ಯಾಕ ಹಚ್ಚಿದ್ರಿ?"

"ಸಿಕ್ಕಿಲ್ಲಂದ್ರ ಮುಂದಿನ ಸೋಮವಾರಾನೂ ಬರಬಹುದಲ್ಲ."

ಗುರುಶಾಂತಯ್ಯ ರೈಫಲ್ಲನ್ನು ಬಟ್ಟೆಯಲ್ಲಿ ಒರೆಸಿ, ಮೂವತ್ತನಾಲ್ಕು ವರ್ಷಗಳಲ್ಲಿ ಮೊದಲ ಸಲ, ಇದ್ದ ಹಾಗೆಯೇ ಮಾಲೀಕರ ತೊಡೆಯ ಮೇಲಿಡುತ್ತಾರೆ.

"ಕಾಶಿಗಿ ಬಂದವ್ರು ಏನರ ಬಿಡ್ತಾರ. ನಾ ಇಲ್ಲೇ ಹುಟ್ಟಿದಾಂವ, ಇಷ್ಟು ದಿನ ಏನೂ ಬಿಟ್ಟಿರಲಿಲ್ಲ ನೋಡ್ರಿ. ಇವತ್ತ ಬಿಟ್ಟೆ, ನಿಮ್ಮ ಬೋಲ್ಟ್! ಸೋಮವಾರ ಮಾತ್ರ ನೀವು ಬಿಡಬ್ಯಾಡ್ರಿ."

ಹೇಳಿದ್ದೇ ತಡ, ನಗು. ನಾಯಕರೂ ಕಣ್ಣೊರೆಸಿಕೊಂಡು ನಗುತ್ತಾರೆ. ಚಹಾದವನಿಗೆ ಕನ್ನಡ ಬಾರದಿದ್ದರೂ ಜೊತೆಗೂಡುತ್ತಾನೆ. ಆದರೆ ಚುನಾರಿನ ಎಮ್ಮೆಗಳಿಗೂ ಕೇಳುವಂತೆ ನಗುತ್ತಿರುವವರು ಗುರುಶಾಂತಯ್ಯ.