ಹೆಲ್ಪ್ ಎನ್ನದವರಿಗೂ ಉತ್ತರ

ಅರಕೆರೆಯ ನೀರು ಬಳಕೆದಾರರ ಸಂಘದ ಹಳೆಯ ಕಂಪ್ಯೂಟರು ಭಾರದ ಪ್ರೋಗ್ರಾಂ ಯಾವುದನ್ನೂ ತಾಳದು. ಶ್ರೀರಂಗಪಟ್ಟಣದ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಪಾಠ ಹೇಳುವ ಹೇಮಶ್ರೀ ಅದಕ್ಕೆಂದೇ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಳು. ಚಿತ್ರವಿಲ್ಲ, ಮೌಸ್ ಬೇಕಿಲ್ಲ. ಕಪ್ಪು ಪರದೆಯಲ್ಲಿ ಪ್ರೋಗ್ರಾಂನ ಹೆಸರು ‘ಸರದಿ’ ಎಂದು ಬರೆದು ತೂಬಿನ ಸಂಖ್ಯೆ ಒತ್ತಿದರೆ, ‘ಇಂದು ನಾಲೆ ನೀರು ನಿಮಗೆ’ ಎಂದು ಆ ತೂಬಿನ ರೈತರ ಮೊಬೈಲಿಗೆ ಸಂದೇಶ ಹೋಗುತ್ತದೆ. ಸಂಖ್ಯೆ ಇಲ್ಲದಿದ್ದರೆ ಎಲ್ಲರಿಗೂ. ಬಳಸುವ ಬಗೆ ತಿಳಿಯದವರು ಹೆಸರಿನ ಮುಂದೆ ಎರಡು ಅಡ್ಡಗೆರೆ ಹಾಕಿ ‘ಹೆಲ್ಪ್’ ಎಂದು ಕೇಳಬೇಕು. ಇಂಥ ಪ್ರೋಗ್ರಾಂಗಳ ರೂಢಿಯೇ ಅದು.

ಮೊದಲ ವಾರವೇ ಕಾರ್ಯದರ್ಶಿ ಸಿದ್ದಲಿಂಗಮ್ಮ ಬರೀ ಹೆಸರು ಒತ್ತಿ, ಮುಂದೇನೆಂದು ಕಾದರು. ಎಲ್ಲರಿಗೂ ಸಂದೇಶ ಹೋಗಿ, ಸ್ವಲ್ಪ ಹೊತ್ತಿಗೆಲ್ಲ ಊರಿನ ಅರ್ಧ ಗಂಡಸರು ಸನಿಕೆ ಹೊತ್ತು ಒಣಗಿದ ನಾಲೆಯ ಏರಿಯ ಮೇಲೆ ನಿಂತಿದ್ದರು.

“ಅತ್ಗೆ, ನೀರು ನಿನ್ ಕಂಪ್ಯೂಟ್ರಿಂದ ಅರೀತದಾ?” ಮೈದುನ ತಮ್ಮಯ್ಯ ಎಲ್ಲರೆದುರು ನಗಾಡಿದ.

ಮರುದಿನ ತಮ್ಮ ಮನೆಗೆ ಬಂದ ಹೇಮಶ್ರೀಯ ಮುಂದೆ ಸಿದ್ದಲಿಂಗಮ್ಮ ಕಚೇರಿಯ ಬೀಗದ ಕೈ ಇಟ್ಟರು. “ಬ್ಯಾಡ ಕಣವ್ವ. ಬ್ಯಾರೆ ಯಾರ್ನಾರ ನೋಡ್ಕೊಳಿ.”

“ಹೆಲ್ಪ್ ಅಂತ ಒತ್ತಬಾರದಿತ್ತಾ ಅಕ್ಕಾ?”

“ಅಂಗ್ ಒತ್ಬೇಕು ಅಂತ ಗೊತ್ತಿದ್ರೆ ನಂಗೆ ಎಲ್ಪು ಯಾಕವ್ವ?”

ಅಷ್ಟರಲ್ಲಿ ಪಕ್ಕದ ಮನೆಯ ಮಂಚಮ್ಮ ಬಂದು, ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತರು. 

“ಏನ್ ಮಂಚಕ್ಕ, ಆಲ್ಗೆ ಎಪ್ಪು ಆಕಕ್ಕೆ ಮೊಸರು ಬೇಕಾ?” ಸಿದ್ದಲಿಂಗಮ್ಮ ತಾವಾಗಿಯೇ ಕೇಳಿದರು.

“ಊಂ ಕಣೆ.”

ಇಲ್ಲಿ ಬಂದವರು ಬಾಯಿಬಿಟ್ಟು ಕೇಳುವುದಿಲ್ಲ, ಬಂದು ನಿಲ್ಲುತ್ತಾರೆ. ಕೇಳಬೇಕಾದವರು ಒಳಗಿರುವವರು. ಸಿದ್ದಲಿಂಗಮ್ಮನೂ ಪರದೆಯ ಮುಂದೆ ಹಾಗೆಯೇ ನಿಂತಿದ್ದರು. ಪ್ರೋಗ್ರಾಂ ಅವರನ್ನು ಮಾತಾಡಿಸಿರಲಿಲ್ಲ.

ಬಳಸಿದವರ ತಲೆಗೇ ತಪ್ಪನ್ನು ಕಟ್ಟುವುದು ಸುಲಭವಿತ್ತು. ಹೇಮಶ್ರೀ ಹಾಗೆ ಮಾಡಲಿಲ್ಲ. ಸಂಜೆಯೇ ಕುಳಿತು ತಿದ್ದಿದಳು. ಈಗ ಬರೀ ಹೆಸರು ಒತ್ತಿದರೆ ಯಾರಿಗೂ ಏನೂ ಹೋಗದು. ‘ಏನಾಗಬೇಕು?’ ಎಂಬ ಪ್ರಶ್ನೆ, ಕೆಳಗೆ ಕನ್ನಡದಲ್ಲಿ ಒಂದೆರಡು ಉದಾಹರಣೆ. ಅಡ್ಡಗೆರೆಯ ಜೊತೆ ಎಚ್ ಒತ್ತಿದರೂ, ಪ್ರಶ್ನೆಚಿಹ್ನೆ ಒತ್ತಿದರೂ, ತಪ್ಪು ಬರೆದರೂ ಅದೇ ಉತ್ತರ. ಎಲ್ಲರಿಗೂ ಕಳಿಸಲು ‘ಎಲ್ಲ’ ಎಂದು ಬರೆಯಲೇಬೇಕು. ಹಳೆಯ ರೂಢಿಯ ‘ಹೆಲ್ಪ್’ ಕೂಡ ಉಳಿಯಿತು.

“ಇದೊಂದ್ಸಲ ನೋಡ್ತೀನಿ,” ಎಂದು ಬಂದ ಸಿದ್ದಲಿಂಗಮ್ಮ ಹೆಸರು ಒತ್ತಿ ಕಾದರು. ಪರದೆ ಕೇಳಿತು. ಓದಿಕೊಂಡು ಮೂರನೇ ತೂಬಿನ ಸಂಖ್ಯೆ ಒತ್ತಿದರು.

ಅಂದು ಏರಿಗೆ ಬಂದವರು ಮೂರನೇ ತೂಬಿನವರಷ್ಟೇ. ಸಂದೇಶ ಬಾರದ ತಮ್ಮಯ್ಯ ಮಾತ್ರ ಸನಿಕೆಯೊಂದಿಗೆ ಕಚೇರಿಗೇ ಬಂದ. “ನಂಗ್ಯಾಕೆ ಬರ್ನಿಲ್ಲ ಅತ್ಗೆ?”

“ನಿನ್ ಸರದಿ ನಾಳೀಕೆ ಕಣ್ಲಾ. ಸನಿಕೆ ಮಡಗು ಓಗು.”

ಬೀಗದ ಕೈ ಮತ್ತೆ ಸಿದ್ದಲಿಂಗಮ್ಮನ ಸೊಂಟದಲ್ಲಿತ್ತು.