ಬಂದೂಕಿನ ಹಿಡಿಗೆ ಮೂರು ಬಿಳಿ ಪಟ್ಟಿ

ಹೊಲಕ್ಕೆ ಬರುವ ಹಂದಿಗಳನ್ನು ಬೆದರಿಸಲೆಂದು ಅಪ್ಪ ಇಟ್ಟುಕೊಂಡಿದ್ದ ಬಂದೂಕು, ಅವನ ನಂತರ ಲೈಸನ್ಸ್ ಸಮೇತ ನನ್ನ ಹೆಸರಿಗೆ ಬಂತು. ನಾನು ಈವರೆಗೆ ಒಂದು ಗುಂಡೂ ಹಾರಿಸಿಲ್ಲ. ಹಂದಿಗಳಿಗಿಂತ ನನಗೇ ಅದರ ಭಯ ಹೆಚ್ಚು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು, ಮುಗಿದ ಮೇಲೆ ವಾಪಸು ತರುವುದು, ಇಷ್ಟೇ ನಮ್ಮ ಬೇಟೆ.

ಈ ಸಲ ಒಪ್ಪಿಸಲು ವಾರವಿರುವಾಗ ಕಟ್ಟಿಗೆಯ ಹಿಡಿ ಬಣ್ಣಗೆಟ್ಟು ಸೀಳು ಬಿಟ್ಟಿದ್ದು ಕಂಡಿತು. ಠಾಣೆಯವರು 'ನಿರ್ಲಕ್ಷ್ಯ' ಎಂದು ಬರೆದು ಲೈಸನ್ಸ್ ರದ್ದು ಮಾಡಿದರೆ? ಊಟ ಸೇರಲಿಲ್ಲ. ಲಿಂಗಸುಗೂರಿನ ಬಡಗಿಯೊಬ್ಬನನ್ನು ಕೇಳಿದೆ.

"ಉಸುಕಿನ ಕಾಗದದಿಂದ ತಿಕ್ರಿ. ಆಮ್ಯಾಲೆ ಅಗಸಿ ಎಣ್ಣಿ ಸವರ್ರಿ, ತೆಳ್ಳಗ. ಒಂದು ಕೈ ಒಣಗಿದ ಮ್ಯಾಲೆ ಇನ್ನೊಂದು."

ತೆಳ್ಳಗೆ ಎಂಬ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಮಸ್ಕಿಯಿಂದ ಒಂದು ಲೀಟರ್ ತಂದು ಒಂದೇ ದಿನ ನಾಲ್ಕು ಕೈ ಬಳಿದೆ. ಹಿಡಿ ಜಿಲೇಬಿಯಂತೆ ಮಿಂಚಿತು, ಜಿಲೇಬಿಯಂತೆಯೇ ಅಂಟಿತು. ಗಳಿಗೆಗೊಮ್ಮೆ ಬೆರಳಿಟ್ಟು ನೋಡುತ್ತಿದ್ದೆ.

"ಅಷ್ಟು ಎಣ್ಣಿ ನಿಮ್ಮ ತಲಿಗೆ ಹಚ್ಚಿದ್ರ ನಾಕು ಕೂದಲರ ಬರ್ತಿದ್ವು" ಎಂದಳು ಹೆಂಡತಿ.

ಮೂರನೆಯ ದಿನ ಅಮಾವಾಸ್ಯೆ. ಅಂದು ಅವಳು ಮನೆಯಲ್ಲಿ ಸದ್ದು ಮಾಡುವ ಎಲ್ಲದಕ್ಕೂ ವಿಭೂತಿ ಹಚ್ಚುತ್ತಾಳೆ: ಬೈಕು, ಮಿಕ್ಸಿ, ನೀರಿನ ಮೋಟಾರು. ನಾನು ಸಿಂಧನೂರಿಗೆ ಹೋಗಿಬರುವಷ್ಟರಲ್ಲಿ ಬಂದೂಕಿಗೂ ಮೂರು ಬೆರಳು ಎಳೆದು ಬಿಸಿಲಿಗಿಟ್ಟಿದ್ದಳು. ನನಗೆ ಒಣಗದ ಎಣ್ಣೆ ಶಿವನಿಗೆ ಒಣಗಿತ್ತು. ವಿಭೂತಿ ಎಣ್ಣೆ ಕುಡಿದು ಗಚ್ಚಿನಂತೆ ಕಚ್ಚಿಕೊಂಡಿತ್ತು. ಬಟ್ಟೆಯಲ್ಲಿ ಉಜ್ಜಿದೆ, ಇನ್ನಷ್ಟು ಹೊಳೆಯಿತು.

ಕೊನೆಯ ದಿನ ಠಾಣೆಯಲ್ಲಿ ಪೇದೆ ಲೈಸನ್ಸ್ ಓದಿದ, ಬಂದೂಕು ನೋಡಿದ.

"ಇದು ಹೊಂದಂಗಿಲ್ರಿ. ಇದರಾಗ 'ಕಂದು ಹಿಡಿ' ಅಂತಷ್ಟ ಐತಿ. ಪಟ್ಟಿ ತೆಗದು ತರ್ರಿ."

"ಐದರೊಳಗ ಕೊಡದಿದ್ರ ಲೈಸನ್ಸ್ ರದ್ದು ಅಂತ ನೋಟಿಸ್ ಬಂದೈತ್ರಿ. ಈಗ ನಾಕೂವರಿ."

"ಹಂಗಾರ ಇಲ್ಲೇ ಕೆರೀರಿ" ಎಂದು ಬ್ಲೇಡು ಮುಂದೆ ತಳ್ಳಿದ.

"ವಿಭೂತಿ ಐತ್ರಿ, ನಾ ಹ್ಯಾಂಗ ಕೆರೀಲಿ? ನೀವ ಕೆರೀರಿ, ಸರ್ಕಾರದ ಕೈ."

ಅವನ ಹಣೆಯ ಮೇಲೂ ಮೂರು ಪಟ್ಟಿಗಳಿದ್ದವು. ಬ್ಲೇಡು ಎತ್ತಿದ, ಇಳಿಸಿದ. "ನನಗೂ ಮನ್ಯಾಗ ಹೆಂಡ್ತಿ ಅದಾಳ್ರಿ. ಹಚ್ಚಿದವರನ್ನ ಕೇಳ್ರಿ."

ಮನೆಗೆ ಫೋನು ಮಾಡಿ, ವಿಷಯ ಹೇಳಿ ಸ್ಪೀಕರ್ ಹಾಕಿದೆ. ಹೆಂಡತಿಯ ದನಿಗೆ ಇಡೀ ಠಾಣೆ ತಿರುಗಿತು. "ಇಬ್ರು ಗಂಡಸರು ಕುಂತು ಏನ್ ಮಾಡಾಕತ್ತೀರಿ? ಎಮ್ಮಿ ಇನ್ಶೂರೆನ್ಸ್ ಮಾಡೂ ಮುಂದ ಹಣಿ ಮ್ಯಾಲಿನ ಬಿಳಿ ಚುಕ್ಕಿ ಬರಕೊಂಡಿಲ್ಲೇನು? ಹಂಗ ಬರಕೊಳ್ರಿ!"

ಪೇದೆ ಸಾಹೇಬರನ್ನು ಕೇಳಿ ಬಂದು ರಸೀದಿಯಲ್ಲಿ ಬರೆದ: 'ಕಂದು ಹಿಡಿ, ಮೂರು ಬಿಳಿ ಅಡ್ಡ ಪಟ್ಟಿಗಳು, ಹುಟ್ಟಿನಿಂದಲ್ಲ.' ಮೊಹರು ಬಿತ್ತು. ಐದಕ್ಕೆ ಎರಡು ನಿಮಿಷ ಬಾಕಿ.

"ಲೈಸನ್ಸ್ ಉಳೀತು. ಆದ್ರ ಇನ್ನ ಮ್ಯಾಲೆ ಪಟ್ಟಿ ಮೂರೂ ಇರಬೇಕ್ರಿ. ಒಂದು ಅಳಿಸಿದ್ರ ಬಂದೂಕು ನಿಮ್ಮದಲ್ಲ" ಎಂದು ರಸೀದಿ ಕೊಟ್ಟ.

ಬಸ್ಸು ಸಂತೆಕಲ್ಲೂರು ದಾಟುವ ಮೊದಲೇ ರಸೀದಿಯನ್ನು ಎರಡು ಸಲ ಬಿಚ್ಚಿ ಓದಿದೆ: ಬರುವ ಅಮಾವಾಸ್ಯೆಗೆ ಠಾಣೆಯಲ್ಲಿ ಯಾರಾದರೂ ಭಕ್ತಿಯಿಂದ ನಾಲ್ಕನೆಯದನ್ನು ಎಳೆದುಬಿಟ್ಟರೆ?