ಚಿತ್ರದ ಮೇಲೆ ಕೂತವಳು

ಮ್ಯಾವಿಸ್ ಅನುಮಾನದ ಹೆಂಗಸು. ಇದಕ್ಕಿಂತ ಮೆದುವಾದ ಮಾತು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಆಸ್ಟ್ರೇಲಿಯಾದ ನಡುವಿನ ಮರುಭೂಮಿಯಲ್ಲಿರುವ ನಮ್ಮ ಮೂಲನಿವಾಸಿಗಳ ಊರು ಬ್ಲಡ್‌ವುಡ್ ಬೋರ್‌ನಲ್ಲಿ ಅವಳ ನಾಯಿಗಳು ಕೂಡ ಕೈಯಲ್ಲಿ ಹಿಡಿದ ಮಾಂಸ ಕಂಡರೆ ಮೊದಲು ಒಂದು ಹೆಜ್ಜೆ ಹಿಂದೆ ಸರಿಯುತ್ತವೆ, ಕಲಿತದ್ದು ಅವಳಿಂದಲೇ. ಕಲಾಕೇಂದ್ರದಲ್ಲಿ ಉಳಿದ ಹೆಂಗಸರು ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಹರಟುತ್ತ, ಚಹಾ ಕುಡಿಯುತ್ತ ಚುಕ್ಕೆ ಚುಕ್ಕೆಯಾಗಿ ಚಿತ್ರ ಬರೆಯುತ್ತಾರೆ. ಮ್ಯಾವಿಸ್ ಕ್ಯಾನ್ವಾಸಿನ ನಟ್ಟನಡುವೆ ಕೂರುತ್ತಾಳೆ. ಯಾರಾದರೂ ಹತ್ತಿರ ಬಂದರೆ ಲಂಗವನ್ನು ಅಗಲಿಸಿ ಆದಷ್ಟನ್ನು ಮುಚ್ಚುತ್ತಾಳೆ. ಬೇರೆಯವರು ಬೆರೆಸಿದ ಚಹಾ ಅವಳಿಗೆ ಬೇಡ.

ಕೊರೋನಾ ಕಾಲದಲ್ಲಿ ಹೊರಗಿನವರು ಬರುವುದು ನಿಂತಾಗ ನಮ್ಮ ಪ್ರದರ್ಶನ ಅಂತರ್ಜಾಲಕ್ಕೆ ಹೋಯಿತು. ಆಮೇಲೂ ಅಲ್ಲೇ ಉಳಿಯಿತು. ಕೇಂದ್ರ ನೋಡಿಕೊಳ್ಳುವ ಬಿಳಿಯ ಡಂಕನ್ ಮೊದಲ ಸಲ ಪರದೆ ತೋರಿಸಿದಾಗ ಎಲ್ಲರೂ ತಮ್ಮ ತಮ್ಮ ಚಿತ್ರ ಕಂಡು ನಕ್ಕರು. ಮ್ಯಾವಿಸ್ ನಗಲಿಲ್ಲ.

“ಅಲ್ಲಿಂದ ನೋಡ್ತಿರೋರು ಯಾರು? ಅವ್ರ ಮುಖ ನಂಗ್ಯಾಕೆ ಕಾಣಲ್ಲ?”

ಈ ವರ್ಷ ತೊಡಕು ಬಂತು. ಪ್ರತಿ ಚಿತ್ರದ ಜೊತೆ, ಅದನ್ನು ಬರೆದವಳು ಕೆಲಸ ಮಾಡುತ್ತಿರುವ ಸಣ್ಣ ವಿಡಿಯೊ ಇರಬೇಕೆಂದು ಸಮಿತಿ ತೀರ್ಮಾನಿಸಿತು. ಆ ಸಮಿತಿಯ ಅಧ್ಯಕ್ಷೆ ನಾನು. ಮ್ಯಾವಿಸ್ ಒಪ್ಪಲಿಲ್ಲ. ಕೇಂದ್ರಕ್ಕೆ ಬರುವುದನ್ನೇ ಬಿಟ್ಟು, ದೊಡ್ಡ ಕ್ಯಾನ್ವಾಸನ್ನು ಸುತ್ತಿಕೊಂಡು ಮಗಳು ಗ್ಲೆನಿಸ್‌ಳ ಮನೆಗೆ ಹೋದಳು. ಗ್ಲೆನಿಸ್‌ಳಿಗೂ ಕುಂಚ ಹಿಡಿಯಲು ಬರುತ್ತದೆ. ಊರಿಗೆ ಅಷ್ಟು ಸಾಕಾಯಿತು.

“ಆಂಟಿ, ಜನ ಏನೇನೋ ಮಾತಾಡ್ತಿದಾರೆ,” ಎಂದ ಡಂಕನ್. “ಹೋದ ಸಲದ್ದೂ ಮಗಳೇ ಬರೆದಿದ್ದಂತೆ. ನಿಜ ಆದ್ರೆ ಈ ಸಲದ್ದು ಹಾಕೋಕಾಗಲ್ಲ. ಹಳೇದನ್ನೂ ತೆಗೀಬೇಕಾಗುತ್ತೆ.”

“ಯಾವ ಜನ?”

“ಎಲ್ರೂ.”

“ಎಲ್ರೂ ಅಂದ್ರೆ ನೀನು, ಮತ್ತೆ ಅಂಗಡಿ ಮುಂದೆ ಕೂತ್ಕೊಳ್ಳೋ ಸೋಮಾರಿಗಳು.”

ಅವನ ಬಾಯಿ ಮುಚ್ಚಿಸಿದೆನೇ ಹೊರತು ನನಗೂ ಅನುಮಾನವಿತ್ತು. ಮ್ಯಾವಿಸ್‌ಳ ಚುಕ್ಕೆ ಹುಲ್ಲಿನ ಬೀಜದಷ್ಟು ಸಣ್ಣದು. ಹೋದ ಸಲದ ಚುಕ್ಕೆಗಳು ದಪ್ಪಗೆ, ಒಂದರ ಮೈಮೇಲೆ ಒಂದು ಬಿದ್ದಂತಿದ್ದವು. ಅದು ಬೇರೆಯವರ ಕೈ ಎಂದೇ ನನಗೆ ಅನ್ನಿಸಿತ್ತು.

ನೋಡುವ ಹಕ್ಕು ನನಗಿತ್ತು. ಆ ಚಿತ್ರದ ನೆಲ, ಅಂದರೆ ಬಂಡೆಯ ಸುತ್ತಲಿನ ನೀರಿನ ಹೊಂಡಗಳು, ಅವಳಿಗೆ ತಂದೆಯಿಂದ ಬಂದದ್ದು. ನನ್ನ ತಾಯಿ ಆ ತಂದೆಯ ತಂಗಿ. ತಂದೆಯ ಕಡೆಯವರು ನೆಲವನ್ನು ಬರೆಯುತ್ತಾರೆ. ಆ ಮನೆಯ ಹೆಣ್ಣುಮಕ್ಕಳಿಗೆ ಹುಟ್ಟಿದವರು ಪಕ್ಕದಲ್ಲಿ ಕೂತು ಸರಿಯೋ ತಪ್ಪೋ ನೋಡುತ್ತಾರೆ. ಅವರು ಹೂಂ ಎನ್ನದೆ ಚಿತ್ರ ಊರು ಬಿಡುವಂತಿಲ್ಲ. ಮ್ಯಾವಿಸ್ ಪಕ್ಕ ಕೂರುತ್ತಿದ್ದವಳು ನನ್ನ ಅಕ್ಕ. ಅವಳು ತೀರಿಕೊಂಡಿದ್ದಾಳೆ, ತೀರಿಕೊಂಡವರ ಹೆಸರನ್ನು ನಮ್ಮಲ್ಲಿ ಹೇಳುವಂತಿಲ್ಲ. ಆಮೇಲೆ ಸರದಿ ನನ್ನದು. ಆದರೆ ಹೋದ ಸಲ ಮ್ಯಾವಿಸ್ ಚಿತ್ರವನ್ನು ಮುಗಿದ ಮೇಲೆ ದೂರದಿಂದ ತೋರಿಸಿ ಸುತ್ತಿಬಿಟ್ಟಳು.

“ನೀನು ಪುಸ್ತಕ ಬರೆಯೋಳು,” ಎಂದಿದ್ದಳು, ನಾನು ಅಡಿಲೇಡ್‌ನಲ್ಲಿ ಓದಿ ಪಿಎಚ್‌ಡಿ ಪಡೆದದ್ದನ್ನು ಚುಚ್ಚುತ್ತ. “ನಿನ್ನ ಕಿವೀಲಿ ಬಿದ್ದಿದ್ದು ಅಡಿಲೇಡ್‌ನಲ್ಲಿ ಏಳುತ್ತೆ.”

ಈ ಸಲ ಒಂದು ಬೆಳಿಗ್ಗೆ, ಕೂಗದೆ, ಗ್ಲೆನಿಸ್‌ಳ ಮನೆಯ ಹಿಂಬದಿಯಿಂದ ಹೋದೆ. ಗಾಳಿಗೆ ಅಡ್ಡ ನಿಲ್ಲಿಸಿದ ತಗಡಿನ ಮರೆಯಲ್ಲಿ ಮ್ಯಾವಿಸ್ ಕೂತಿದ್ದಳು. ಗ್ಲೆನಿಸ್ ಬೆಂಕಿಯ ಹತ್ತಿರ, ಬೂದಿಯಲ್ಲಿ ಡ್ಯಾಂಪರ್ ರೊಟ್ಟಿ ಹೊರಳಿಸುತ್ತಿದ್ದಳು; ಅವಳ ಕೈಯಲ್ಲಿ ಹಿಟ್ಟಿತ್ತು, ಬಣ್ಣವಿರಲಿಲ್ಲ. ನಾಯಿಗಳು ಬೊಗಳಿದವು. ಮ್ಯಾವಿಸ್ ತಲೆ ಎತ್ತಿ ನೋಡಿದಳು, ನಾನು ಇಲ್ಲದ ಕಡೆಗೆ.

“ಯಾರೇ ಅದು?”

“ನಾನು, ಅತ್ತಿಗೆ.”

“ಓ, ಡಾಕ್ಟ್ರಮ್ಮ.” ಲಂಗ ಅಗಲವಾಯಿತು. “ಒಂದು ತಲೆನೋವಿನ ಮಾತ್ರೆ ಕೊಡೋಕೆ ಬರಲ್ಲ, ಎಂಥ ಡಾಕ್ಟ್ರಮ್ಮನೋ.”

“ಕಣ್ಣು ಯಾವಾಗಿಂದ ಹೋಗಿದೆ?”

“ಯಾರ ಕಣ್ಣು?”

“ಅಮ್ಮ, ಸಾಕು ಬಿಡು,” ಎಂದಳು ಗ್ಲೆನಿಸ್. “ಡಬ್ಬಿ ಮುಚ್ಚಳ ತೆಗೆದು ಯಾವ ಬಣ್ಣ ಅಂತ ಹೇಳ್ತೀನಿ, ಆಂಟಿ. ಅಷ್ಟೇ ನನ್ ಕೆಲ್ಸ. ಒಂದು ಚುಕ್ಕೆ ಇಟ್ಟಿಲ್ಲ. ಇಟ್ರೆ ಕೈ ಮುರೀತಾಳೆ.”

(ಅವಳ ಕಣ್ಣು ಹೋದದ್ದು ಈಗ ಊರಿಗೆಲ್ಲ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.) ಮ್ಯಾವಿಸ್‌ಳ ಎಡ ಹೆಬ್ಬೆರಳು ಒಣಗಿದ ಚುಕ್ಕೆಗಳ ಉಬ್ಬನ್ನು ಸವರುತ್ತ ಮುಂದೆ ಹೋಗುತ್ತಿತ್ತು, ಬಲಗೈಯ ಕುಂಚ ಅದರ ಹಿಂದೆ. ಚುಕ್ಕೆ ದಪ್ಪವಿಲ್ಲದಿದ್ದರೆ ಬೆರಳಿಗೆ ಸಿಗುತ್ತಿರಲಿಲ್ಲ.

“ಕ್ಲಿನಿಕ್ಕಿಗೆ ಹೋಗಬಹುದಿತ್ತು,” ಎಂದೆ.

“ಹೋದ್ರೆ ಆಲಿಸ್ ಸ್ಪ್ರಿಂಗ್ಸ್ ದೊಡ್ಡಾಸ್ಪತ್ರೆಗೆ ಕಳಿಸ್ತಾರೆ. ನಾನು ವಾಪಸ್ ಬರೋ ಹೊತ್ಗೆ ಈ ನೆಲ ಕಣ್ಣಿರೋರ ಪಾಲಾಗಿರುತ್ತೆ.”

“ಯಾರು ಕೊಡ್ತಾರೆ? ಡಂಕನ್ನಾ?”

“ಅವನ್ಯಾಕೆ? ನೀನಿದೀಯಲ್ಲ, ಅಧ್ಯಕ್ಷೆ.”

ಬಗ್ಗಿ ಕ್ಯಾನ್ವಾಸನ್ನು ನೋಡಿದೆ. ಲಂಗ ಎಷ್ಟು ಅಗಲಿಸಿದರೂ ಮೂಲೆಗಳು ಹೊರಗೇ ಇದ್ದವು.

“ಕೊನೇ ಹೊಂಡ ತಪ್ಪಿದೆ,” ಎಂದೆ. “ಬಂಡೆಯ ಈಚೆಗೆ ಬಂದಿದೆ. ಹೀಗೇ ಇದ್ರೆ ನಾನು ಹೂಂ ಅನ್ನಲ್ಲ.”

ಗ್ಲೆನಿಸ್ ರೊಟ್ಟಿಯನ್ನು ಮರೆತು ನನ್ನನ್ನು ದುರುಗುಟ್ಟಿ ನೋಡಿದಳು.

“ಸುಳ್ಳು,” ಎಂದಳು ಮ್ಯಾವಿಸ್.

“ಅಲ್ಲಿ ನಮ್ಮಮ್ಮ ನಂಗೆ ನೀರು ಕುಡಿಸಿದಾಳೆ. ಬಂಡೆಯ ಆಚೆ, ನೆರಳಿನ ಕಡೆ.”

ಮ್ಯಾವಿಸ್ ಕುಂಚ ಕೆಳಗಿಟ್ಟಳು. ತುಟಿ ಅಲ್ಲಾಡುತ್ತಿತ್ತು. ಹೊಂಡಗಳನ್ನು ಒಂದೊಂದಾಗಿ ಹೆಸರಿಸುತ್ತ ಹೋಗುವ ಆ ನೆಲದ ಹಾಡನ್ನು ಮೊದಲಿನಿಂದ ಒಳಗೇ ಹಾಡಿಕೊಳ್ಳುತ್ತ, ನನ್ನ ಮಾತನ್ನು ಪರೀಕ್ಷಿಸುತ್ತಿದ್ದಳು. ಕೊನೆಯ ಹೊಂಡದವರೆಗೆ ತಲುಪಲು ಬೇಕಾದಷ್ಟು ಹೊತ್ತು ನಾನು ನಿಂತೇ ಇದ್ದೆ.

“ಡಂಕನ್‌ಗೆ ಏನ್ ಹೇಳ್ತೀಯ?”

“ಚಿತ್ರ ನಿಂದೇ ಅಂತ. ಹೊಂಡ ಸರಿಯಾದ್ಮೇಲೆ.”

“ಕಪ್ಪು ತಗೊಂಬಾ,” ಎಂದಳು ಮಗಳಿಗೆ.

ತಪ್ಪಿದ ಹೊಂಡವನ್ನು ಕಪ್ಪು ಬಣ್ಣ ಬಳಿದು ಮುಚ್ಚಿದಳು. ಆಮೇಲೆ ಕ್ಯಾನ್ವಾಸಿನ ನಡುವಿನಿಂದ ಒಂದಿಷ್ಟು ಪಕ್ಕಕ್ಕೆ ಸರಿದಳು. ಅಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು, ಕೂತೆ. ಗಾಳಿಯಲ್ಲಿ ತಡವಿ ನನ್ನ ತೋರುಬೆರಳನ್ನು ಹಿಡಿದು, ಕ್ಯಾನ್ವಾಸಿನ ಮೇಲೆ ಎಳೆದುಕೊಂಡು ಹೋದಳು.

“ಇಲ್ಲೇನಾ?”

“ಇನ್ನೂ ಆಚೆ.”

ನನ್ನ ಬೆರಳು ನಿಂತಲ್ಲಿ ಚುಕ್ಕೆ ಇಟ್ಟಳು.